ಫ್ರಾಂಕೊಫೋನ್ ವಸಾಹತೋತ್ತರ ಅಧ್ಯಯನದಲ್ಲಿ ಅಧ್ಯಾಪಕ ವೃತ್ತಿ: ಕನ್ನಡದ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಫ್ರೆಂಚಿನಲ್ಲಿ ಇಂದು ಬರೆಯುತ್ತಿರುವ ಮುಖ್ಯ ಲೇಖಕರ ಪಟ್ಟಿ ಮಾಡಲು ಹೊರಟರೆ ಸೆನೆಗಲ್, ಅಲ್ಜೀರಿಯಾ, ಕೆರಿಬಿಯನ್‌ನ ಮಾರ್ಟಿನೀಕ್, ಹೈಟಿ, ಕಾಂಗೊ, ಮಾರಿಷಸ್‌ಗಳ ಹೆಸರಿಲ್ಲದೆ ಆ ಪಟ್ಟಿ ಪೂರ್ತಿಯಾಗುವುದಿಲ್ಲ. ಫ್ರಾನ್ಸಿನ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಗೊಂಕೂರ್ 2021ರಲ್ಲಿ ಸೆನೆಗಲ್‌ನ ಮೊಹಮದ್ ಎಂಬುಗರ್ ಸಾರ್ ಅವರಿಗೂ, 2024ರಲ್ಲಿ ಅಲ್ಜೀರಿಯಾದಲ್ಲಿ ಹುಟ್ಟಿ ಬೆಳೆದ ಕಾಮೆಲ್ ದಾವುದ್ ಅವರಿಗೂ ಸಂದಿತು. ಫ್ರಾನ್ಸಿನ ಹೊರಗೆ, ಅದರ ಹಳೆಯ ವಸಾಹತುಗಳಲ್ಲಿ ಬೆಳೆದ ಈ ಸಾಹಿತ್ಯವನ್ನು, ಅದರ ಹಿಂದಿರುವ ಗುಲಾಮಗಿರಿ, ಕರಾರು ಕೂಲಿ ಮತ್ತು ಯುದ್ಧಗಳ ಚರಿತ್ರೆಯೊಡನೆ ಇಟ್ಟು ಓದುವ ಜ್ಞಾನಶಾಖೆಯೇ ಫ್ರೆಂಚ್ ಮತ್ತು ಫ್ರಾಂಕೊಫೋನ್ (ಫ್ರೆಂಚ್ ಭಾಷಿಕ) ವಸಾಹತೋತ್ತರ ಅಧ್ಯಯನ.

ಪಿಯುಸಿಯಲ್ಲೋ ಪದವಿಯಲ್ಲೋ ಫ್ರೆಂಚನ್ನು ಎರಡನೆಯ ಭಾಷೆಯಾಗಿ ಓದಿದವರು, ಅಥವಾ ಬೇರೆಡೆ ಕಲಿತು ಅದನ್ನೇ ವೃತ್ತಿಯಾಗಿಸಿಕೊಳ್ಳುವ ಯೋಚನೆಯಲ್ಲಿರುವವರು ಈ ಲೇಖನದ ಓದುಗರು. ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಭಾರತದಲ್ಲಿ ಈ ಜ್ಞಾನಶಾಖೆಯ ಹೆಸರಿನಲ್ಲಿ ಹುದ್ದೆಗಳಿಗೆ ಅರ್ಜಿ ಕರೆಯುವುದು ಅಪರೂಪ. ಕರೆಯುವುದು ಫ್ರೆಂಚ್ ಅಧ್ಯಾಪಕರ ಹುದ್ದೆಗೆ. ಆದ್ದರಿಂದ ಇಲ್ಲಿಗೆ ಬರುವವರು ಮೊದಲು ಒಳ್ಳೆಯ ಭಾಷಾ ಅಧ್ಯಾಪಕರಾಗಬೇಕು. ಜೊತೆಗೆ, ಸಂಶೋಧನೆಯಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಮಾಡುವುದನ್ನೇ ಇಲ್ಲಿ ಕುಳಿತು ಮಾಡುವ ಬದಲು, ನಮ್ಮ ಭಾಷೆಗಳು ಮತ್ತು ನಮ್ಮ ನೆಲ ಯಾವ ವಿಷಯಕ್ಕೆ ನೆರವಾಗುತ್ತವೆಯೋ ಅದನ್ನು ಹಿಡಿಯಬೇಕು. ಮುಂದಿನ ಹಂತಗಳೆಲ್ಲವೂ ಈ ಎರಡು ಮಾತುಗಳನ್ನು ಆಧರಿಸಿವೆ.

ಹಂತ 1: ಭಾಷೆಯನ್ನು ಸಿ1ವರೆಗೆ ಒಯ್ಯಿರಿ

ಯುರೋಪಿನ ಭಾಷಾ ಮಟ್ಟಗಳ ಚೌಕಟ್ಟಿನಲ್ಲಿ ಎ1ರಿಂದ ಸಿ2ವರೆಗೆ ಆರು ಮೆಟ್ಟಿಲುಗಳಿವೆ. ಮೊದಲ ನಾಲ್ಕಕ್ಕೆ ಡೆಲ್ಫ್, ಕೊನೆಯ ಎರಡಕ್ಕೆ ಡಾಲ್ಫ್ ಎಂಬ ಪರೀಕ್ಷೆಗಳಿದ್ದು, ಒಮ್ಮೆ ಪಡೆದ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ. ಬೆಂಗಳೂರಿನ ವಸಂತನಗರದಲ್ಲಿರುವ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಈ ಪರೀಕ್ಷೆಗಳನ್ನು ಬರೆಯಬಹುದು. ಅನೇಕ ವಿದ್ಯಾರ್ಥಿಗಳು ಬಿ2 ಮುಗಿಸಿ ಭಾಷೆ ಬಂತೆಂದು ನಿಲ್ಲಿಸುತ್ತಾರೆ. ಫ್ರಾನ್ಸಿನ ಬಹುತೇಕ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಬಿ2 ಸಾಕಾಗಬಹುದು. ಸಾಹಿತ್ಯದ ಸಂಶೋಧನೆಗೆ ಅದು ಖಂಡಿತ ಸಾಲದು. ಬಿ2 ಮಟ್ಟದವರು ಕಾದಂಬರಿಯ ಕಥೆಯನ್ನು ಹಿಡಿಯಬಲ್ಲರು, ಆದರೆ ಲೇಖಕ ಎಲ್ಲಿ ಪ್ರಮಾಣ ಫ್ರೆಂಚನ್ನು ಬೇಕೆಂದೇ ಮುರಿದಿದ್ದಾನೆ, ಎಲ್ಲಿ ಆಡುಮಾತಿಗೆ ಇಳಿದಿದ್ದಾನೆ ಎಂಬುದು ಅವರಿಗೆ ಕಾಣುವುದಿಲ್ಲ. ಈ ಕ್ಷೇತ್ರದಲ್ಲಿ ಕೆಲಸವೆಲ್ಲ ನಡೆಯುವುದು ಅಲ್ಲಿಯೇ.

ಡಾಲ್ಫ್ ಸಿ1ರ ಬರವಣಿಗೆ ಭಾಗವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಪಯುಕ್ತ. ಒಂದೇ ವಿಷಯದ ಮೇಲಿನ ಬೇರೆ ಬೇರೆ ಬರಹಗಳನ್ನು ಕೊಟ್ಟು, ಅವುಗಳ ಸಾರವನ್ನು ಸುಮಾರು 220 ಪದಗಳಲ್ಲಿ ಒಂದೇ ಹೊಸ ಬರಹವಾಗಿ ಹೆಣೆಯಲು ಹೇಳುತ್ತಾರೆ. ಸ್ವಂತ ಅಭಿಪ್ರಾಯ ಸೇರಿಸುವಂತಿಲ್ಲ, ಮೂಲದ ವಾಕ್ಯಗಳನ್ನು ಎತ್ತಿ ಬರೆಯುವಂತಿಲ್ಲ, ಒಂದಾದ ಮೇಲೊಂದರಂತೆ ಬರಹಗಳ ಸಾರಾಂಶ ಕೊಡುವಂತೆಯೂ ಇಲ್ಲ. ಅವುಗಳ ನಡುವಿನ ಸಂಬಂಧ ಗುರುತಿಸಿ ಹೊಸ ಕ್ರಮದಲ್ಲಿ ಜೋಡಿಸಬೇಕು. ಇದಾದ ಮೇಲೆ ಸುಮಾರು 250 ಪದಗಳ ವಾದಾತ್ಮಕ ಪ್ರಬಂಧ ಬರೆಯಬೇಕು. ನಮ್ಮ ಕಾಲೇಜುಗಳಲ್ಲಿ ಉತ್ತರ ಬರೆಯುವ ರೂಢಿಗೂ ಇದಕ್ಕೂ ಬಹಳ ಅಂತರವಿದೆ. ಈ ಅಭ್ಯಾಸವನ್ನು ಪ್ರಮಾಣಪತ್ರಕ್ಕಾಗಿ ಮಾತ್ರ ಮಾಡಬೇಡಿ. ಮುಂದೆ ಪಿಎಚ್.ಡಿ.ಯಲ್ಲಿ ಹಿಂದಿನ ಸಂಶೋಧನೆಗಳ ವಿಮರ್ಶೆ ಬರೆಯುವಾಗ ಬೇಕಾಗುವುದು ಇದೇ ಕೌಶಲ. ವಾರಕ್ಕೊಮ್ಮೆಯಾದರೂ ಎರಡು ಪತ್ರಿಕಾ ಲೇಖನಗಳನ್ನು ತೆಗೆದುಕೊಂಡು ಇಂಥದೊಂದು ಸಂಗ್ರಹವನ್ನು ಬರೆದು, ತಿದ್ದಬಲ್ಲವರ ಕೈಗೆ ಕೊಡಿ.

ಹಂತ 2: ಓದಿನ ಅಡಿಪಾಯ ಹಾಕಿಕೊಳ್ಳಿ

ಎಂ.ಎ. ಸೇರುವ ಮೊದಲೇ ಓದು ಶುರುವಾಗಬೇಕು, ಮತ್ತು ಅದು ಸಿಕ್ಕಸಿಕ್ಕ ಪುಸ್ತಕಗಳ ಓದಾಗದೆ ಒಂದು ಚರಿತ್ರೆಯ ಜಾಡು ಹಿಡಿದು ಸಾಗಬೇಕು. ನಾನು ಸೂಚಿಸುವ ಕ್ರಮ ಹೀಗಿದೆ.

1930ರ ದಶಕದ ಪ್ಯಾರಿಸ್‌ನಿಂದ ಪ್ರಾರಂಭಿಸಿ. ಮಾರ್ಟಿನೀಕ್‌ನ ಎಮೆ ಸೆಸೇರ್, ಸೆನೆಗಲ್‌ನ ಲೆಯೊಪೋಲ್ಡ್ ಸೆಂಗೋರ್, ಫ್ರೆಂಚ್ ಗಯಾನಾದ ಲೆಯೊನ್ ದಾಮಾ ಎಂಬ ಮೂವರು ವಿದ್ಯಾರ್ಥಿಗಳು ಅಲ್ಲಿ ಕಲೆತು, ಕಪ್ಪು ಜನರ ಅಸ್ಮಿತೆ ಮತ್ತು ಸಂಸ್ಕೃತಿಯನ್ನು ಎತ್ತಿಹಿಡಿಯುವ ನೆಗ್ರಿತ್ಯೂದ್ ಎಂಬ ಚಳವಳಿಯನ್ನು ಕಟ್ಟಿದರು. ತವರಿಗೆ ಮರಳುವುದನ್ನು ಕುರಿತ ಸೆಸೇರ್ ಅವರ ದೀರ್ಘ ಕಾವ್ಯ 1939ರಲ್ಲಿ, ವಸಾಹತುಶಾಹಿಯ ಮೇಲಿನ ಅವರ ಪ್ರಖರ ಗದ್ಯ 1950ರಲ್ಲಿ ಹೊರಬಂದವು. ಸೆಂಗೋರ್ 1960ರಿಂದ 1980ರವರೆಗೆ ಸೆನೆಗಲ್‌ನ ಅಧ್ಯಕ್ಷರಾಗಿದ್ದು, 1983ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು. ವಸಾಹತಿನ ವಿರುದ್ಧ ಬರೆದ ಕವಿಯೇ ಫ್ರೆಂಚ್ ಭಾಷೆಯ ಅತಿದೊಡ್ಡ ಸಮರ್ಥಕರೂ ಆದ ಈ ವಿರೋಧಾಭಾಸ ಇಡೀ ಕ್ಷೇತ್ರದ ಮೂಲ ಪ್ರಶ್ನೆಗಳಲ್ಲೊಂದು.

ಅಲ್ಲಿಂದ ಫ್ರಾಂಟ್ಜ್ ಫ್ಯಾನನ್ ಅವರಿಗೆ ಬನ್ನಿ. ಮಾರ್ಟಿನೀಕ್‌ನಲ್ಲಿ 1925ರಲ್ಲಿ ಹುಟ್ಟಿ, ಅಲ್ಜೀರಿಯಾದ ಬ್ಲಿದಾ ಪಟ್ಟಣದ ಮಾನಸಿಕ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದು, ಆ ದೇಶದ ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ, ಸ್ವಾತಂತ್ರ್ಯವನ್ನು ನೋಡದೆ 1961ರಲ್ಲಿ ತೀರಿಕೊಂಡವರು ಅವರು. 1952ರ ಅವರ ಮೊದಲ ಪುಸ್ತಕದ ಮೊದಲ ಅಧ್ಯಾಯವೇ ಭಾಷೆಯನ್ನು ಕುರಿತದ್ದು: ಫ್ರಾನ್ಸಿಗೆ ಹೋಗಿಬಂದ ಮಾರ್ಟಿನೀಕ್‌ನವನು ಊರಿನ ಕ್ರಿಯೋಲ್ (ಫ್ರೆಂಚಿನೊಡನೆ ಬೇರೆ ಭಾಷೆಗಳು ಬೆರೆತು ಹುಟ್ಟಿದ ಭಾಷೆ) ಆಡಲು ಹಿಂಜರಿಯುವುದು, ಎಷ್ಟು ಶುದ್ಧ ಫ್ರೆಂಚ್ ಮಾತನಾಡಿದರೆ ಅಷ್ಟು ಬಿಳಿಯರಿಗೆ ಹತ್ತಿರವಾದೆನೆಂದು ಭಾವಿಸುವುದು, ಇವೆಲ್ಲ ಅಲ್ಲಿ ವಿಶ್ಲೇಷಣೆಗೆ ಒಳಗಾಗಿವೆ. ಇಂಗ್ಲಿಷ್ ಮಾಧ್ಯಮದ ಮೋಹವನ್ನು ಕಂಡುಂಡ ಕನ್ನಡದ ಓದುಗರಿಗೆ ಈ ಅಧ್ಯಾಯ ತಕ್ಷಣ ಅರ್ಥವಾಗುತ್ತದೆ. ಹಾಗೆಂದು ಎರಡನ್ನೂ ಒಂದೇ ಎಂದು ತಿಳಿಯಬಾರದು: ಮಾರ್ಟಿನೀಕ್ ಗುಲಾಮಗಿರಿಯ ಮೇಲೆ ನಿಂತ ತೋಟಗಳ ಸಮಾಜ, ಅಲ್ಲಿ ಮೈಬಣ್ಣ ಮಾಡುವ ಕೆಲಸವನ್ನು ನಮ್ಮಲ್ಲಿ ಬಹುಮಟ್ಟಿಗೆ ಜಾತಿ ಮಾಡುತ್ತದೆ. ಹೋಲಿಕೆ ಎಲ್ಲಿ ನಿಲ್ಲುತ್ತದೆಂದು ಹೇಳಬಲ್ಲ ವಿದ್ಯಾರ್ಥಿಯ ಮಾತಿಗೆ ವಿದ್ವತ್ ವಲಯದಲ್ಲಿ ಬೆಲೆಯಿದೆ.

ಮೂರನೆಯದಾಗಿ ಕಾದಂಬರಿ. ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಮತ್ತು ಮರಿಯಾಮ ಬಾ, ಐವರಿ ಕೋಸ್ಟ್‌ನ ಅಹ್ಮದು ಕುರುಮಾ, ಅಲ್ಜೀರಿಯಾದ ಕಾತೆಬ್ ಯಾಸೀನ್ ಮತ್ತು ಆಸಿಯಾ ಜೆಬಾರ್, ಗ್ವಾಡೆಲೂಪ್‌ನ ಮರೀಸ್ ಕೊಂಡೆ, ಮಾರಿಷಸ್‌ನ ಆನಂದಾ ದೇವಿ, ಇವರೆಲ್ಲರಿಂದ ಒಂದೊಂದನ್ನಾದರೂ ಮೂಲದಲ್ಲಿ ಓದಿರಬೇಕು. ಕುರುಮಾ ಅವರ ಮೊದಲ ಕಾದಂಬರಿ 1968ರಲ್ಲಿ ಪ್ರಕಟವಾದದ್ದು ಪ್ಯಾರಿಸ್‌ನಲ್ಲಲ್ಲ, ಮಾಂಟ್ರಿಯಲ್‌ನಲ್ಲಿ. ಅವರು ಮಲಿಂಕೆ ಭಾಷೆಯ ಲಯವನ್ನು ಫ್ರೆಂಚಿನೊಳಗೆ ತಂದ ರೀತಿಯನ್ನು ನಂತರ ಎಲ್ಲರೂ ಕೊಂಡಾಡಿದರು. ಕೃತಿ ಎಲ್ಲಿ, ಯಾರಿಂದ ಪ್ರಕಟವಾಯಿತು ಎಂದು ಪ್ರತಿಸಲವೂ ಗಮನಿಸುವ ಅಭ್ಯಾಸವಿಟ್ಟುಕೊಳ್ಳಿ. ಆಫ್ರಿಕಾದ ಲೇಖಕರ ಪುಸ್ತಕಗಳು ಪ್ಯಾರಿಸ್ಸಿನಲ್ಲಿ ಅಚ್ಚಾಗಿ, ಆಫ್ರಿಕಾದ ಓದುಗರಿಗೆ ದುಬಾರಿಯಾಗಿ ತಲುಪುವ ಸಂಗತಿ ಸಾಹಿತ್ಯ ವಿಮರ್ಶೆಗೆ ಹೊರಗಿನದಲ್ಲ.

ಇದರ ಜೊತೆಗೆ ತಾತ್ವಿಕ ಓದು ಬೇಕು. ಮಾರ್ಟಿನೀಕ್‌ನ ಲೇಖಕ, ಚಿಂತಕ ಎದುವಾರ್ ಗ್ಲಿಸಾಂ ಅವರ 1981 ಮತ್ತು 1990ರ ಪ್ರಬಂಧ ಸಂಕಲನಗಳು ಕಷ್ಟದವು, ಆದರೆ ತಪ್ಪಿಸುವಂತಿಲ್ಲ. ಫ್ರಾಂಕೊಫೋನ್ ಎಂಬ ಹಣೆಪಟ್ಟಿಯನ್ನೇ ತಿರಸ್ಕರಿಸಿ, ಫ್ರೆಂಚಿನಲ್ಲಿ ಬರೆದದ್ದೆಲ್ಲ ವಿಶ್ವಸಾಹಿತ್ಯವೇ ಎಂದು 44 ಲೇಖಕರು 2007ರ ಮಾರ್ಚ್‌ನಲ್ಲಿ ಲ ಮೋಂದ್ ಪತ್ರಿಕೆಯಲ್ಲಿ ಪ್ರಕಟಿಸಿದ ಘೋಷಣೆಯನ್ನೂ ಅದಕ್ಕೆ ಬಂದ ಪ್ರತಿರೋಧವನ್ನೂ ಓದಿ. ಸಮಕಾಲೀನ ರಾಜಕೀಯವನ್ನು ಮರೆಯಬೇಡಿ: ಮಾಲಿ ದೇಶ 2023ರ ಹೊಸ ಸಂವಿಧಾನದಲ್ಲಿ ಫ್ರೆಂಚಿಗೆ ಅಧಿಕೃತ ಭಾಷೆಯ ಸ್ಥಾನ ಕೊಡಲಿಲ್ಲ, ಮತ್ತು ಮಾಲಿ, ಬುರ್ಕಿನಾ ಫಾಸೊ, ನೈಜರ್ ಮೂರೂ 2025ರ ಮಾರ್ಚ್‌ನಲ್ಲಿ ಫ್ರೆಂಚ್ ಬಳಸುವ ದೇಶಗಳ ಕೂಟವಾದ ಫ್ರಾಂಕೊಫೋನಿ ಸಂಘಟನೆಯಿಂದ ಹೊರನಡೆದವು. ಆ ಸಂಘಟನೆಯ ಮೂಲ ಸಂಸ್ಥೆ 1970ರಲ್ಲಿ ಸ್ಥಾಪನೆಯಾದದ್ದು ನೈಜರ್‌ನ ರಾಜಧಾನಿ ನಿಯಾಮೆಯಲ್ಲಿಯೇ.

ಪುಸ್ತಕಗಳ ಬೆಲೆ ದೊಡ್ಡ ಅಡ್ಡಿ ಎಂಬುದು ನಿಜ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ಜಾಲತಾಣದಲ್ಲಿ ಹಳೆಯ ಪುಸ್ತಕಗಳು ಮತ್ತು ಪತ್ರಿಕೆಗಳು ಉಚಿತವಾಗಿವೆ. ವಿದ್ವತ್ ಲೇಖನಗಳಿಗೆ ಪೆರ್ಸೆ, ಓಪನ್‌ಎಡಿಷನ್ ಮತ್ತು ಹಾಲ್ ತಾಣಗಳಿವೆ. ಇವನ್ನು ಬಳಸಲು ಕಲಿತವರಿಗೆ ಮನೆಯಲ್ಲಿ ಕುಳಿತೇ ಓದಿನ ಬಹುಭಾಗ ಸಾಗುತ್ತದೆ.

ಹಂತ 3: ಎಂ.ಎ.ಗೆ ಸ್ಥಳ ಆರಿಸಿ

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಫ್ರೆಂಚ್ ಮತ್ತು ಫ್ರಾಂಕೊಫೋನ್ ಅಧ್ಯಯನ ಕೇಂದ್ರ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಪಾಂಡಿಚೇರಿ ವಿಶ್ವವಿದ್ಯಾಲಯ, ಹಾಗೂ ದೆಹಲಿ, ಮುಂಬಯಿ, ಪುಣೆ, ಮದ್ರಾಸ್, ಬನಾರಸ್ ವಿಶ್ವವಿದ್ಯಾಲಯಗಳು ಇದಕ್ಕೆ ಹೆಸರಾದವು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿಯೂ ಫ್ರೆಂಚ್ ಓದಬಹುದು. ಜೆಎನ್‌ಯು, ಪಾಂಡಿಚೇರಿಗಳಂಥ ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂ.ಎ. ಪ್ರವೇಶ ಸಿಯುಇಟಿ-ಪಿಜಿ ಪರೀಕ್ಷೆಯ ಮೂಲಕ ನಡೆಯುತ್ತದೆ. ಸೇರುವ ಮುನ್ನ ಆ ವಿಭಾಗದ ಪಠ್ಯಕ್ರಮವನ್ನು ತರಿಸಿ ಓದಿ, ಆಫ್ರಿಕಾ, ಕೆರಿಬಿಯನ್, ಹಿಂದೂ ಮಹಾಸಾಗರದ ಸಾಹಿತ್ಯಕ್ಕೆ ಎಷ್ಟು ಪತ್ರಿಕೆಗಳಿವೆ, ಪ್ರಬಂಧ ಬರೆಯಲು ಅವಕಾಶವಿದೆಯೇ ಎಂದು ನೋಡಿ. ವಿಶ್ವವಿದ್ಯಾಲಯದ ಹೆಸರಿಗಿಂತ ಈ ಎರಡು ಪ್ರಶ್ನೆಗಳು ಮುಖ್ಯ.

ಎಂ.ಎ. ಅವಧಿಯಲ್ಲಿಯೇ ಎರಡನೆಯ ಭಾಷೆಯೊಂದನ್ನು ಹಿಡಿಯಿರಿ. ಉತ್ತರ ಆಫ್ರಿಕಾದ ಮಗ್ರೆಬ್ ಪ್ರದೇಶದ ಸಾಹಿತ್ಯ ಓದುವವರಿಗೆ ಅರಬ್ಬಿ, ಸೆನೆಗಲ್ ಓದುವವರಿಗೆ ವೊಲೊಫ್, ದ್ವೀಪಗಳ ಸಾಹಿತ್ಯಕ್ಕೆ ಕ್ರಿಯೋಲ್ ಬೇಕು. ಮಾರಿಷಸ್‌ನ ಕ್ರಿಯೋಲ್‌ಗೆ ಈಗ ಅಧಿಕೃತ ಬರಹ ಪದ್ಧತಿಯಿದ್ದು, 2012ರಿಂದ ಅದು ಪ್ರಾಥಮಿಕ ಶಾಲೆಗಳಲ್ಲಿ ಕಲಿಸುವ ವಿಷಯವೂ ಆಗಿದೆ. ಫ್ರೆಂಚ್ ಒಂದನ್ನೇ ಬಲ್ಲ ವಿದ್ವಾಂಸರಿಗೆ ಈ ಸಾಹಿತ್ಯದ ಅರ್ಧ ಮಾತ್ರ ಕೇಳಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಮನೆಯಲ್ಲೊಂದು, ಬೀದಿಯಲ್ಲೊಂದು, ತರಗತಿಯಲ್ಲೊಂದು ಭಾಷೆಯೊಡನೆ ಬೆಳೆದ ನಮ್ಮ ವಿದ್ಯಾರ್ಥಿಗಳು ಈ ವಿಷಯದಲ್ಲಿ ಹಿಂದೆ ಬೀಳಲು ಕಾರಣವಿಲ್ಲ.

ಹಂತ 4: ಸಂಶೋಧನೆಯ ವಿಷಯವನ್ನು ಕಿರಿದುಗೊಳಿಸಿ

ಬಹಳಷ್ಟು ಅರ್ಜಿಗಳು ಬೀಳುವುದು ಇಲ್ಲಿ. 'ಆಫ್ರಿಕಾದ ಫ್ರೆಂಚ್ ಕಾದಂಬರಿಗಳಲ್ಲಿ ಅಸ್ಮಿತೆಯ ಹುಡುಕಾಟ' ಎಂಬಂಥ ಶೀರ್ಷಿಕೆ ಹೊತ್ತ ಪ್ರಸ್ತಾವವನ್ನು ಯಾವ ಮಾರ್ಗದರ್ಶಕರೂ ಎರಡನೆಯ ಪುಟದವರೆಗೆ ಓದುವುದಿಲ್ಲ. ಆಫ್ರಿಕಾ ಎಂಬುದು ಒಂದು ದೇಶವಲ್ಲ, ಅಸ್ಮಿತೆ ಎಂಬ ಪದಕ್ಕೆ ಇಲ್ಲಿ ಮಿತಿಯಿಲ್ಲ, ಹುಡುಕಾಟ ಯಾರದೆಂದು ತಿಳಿಯುವುದಿಲ್ಲ.

ಇಂಥ ವಿಷಯವನ್ನು ಹಂತಹಂತವಾಗಿ ಬಿಗಿಗೊಳಿಸುವುದು ಹೇಗೆಂದು ನೋಡೋಣ. ಮೊದಲು ಪ್ರದೇಶ: ಪಶ್ಚಿಮ ಹಿಂದೂ ಮಹಾಸಾಗರದ ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳು. ಅನಂತರ ಚಾರಿತ್ರಿಕ ಪ್ರಶ್ನೆ: ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು 1848ರಲ್ಲಿ ರದ್ದುಗೊಳಿಸಿದ ಮೇಲೆ ಕಬ್ಬಿನ ತೋಟಗಳಿಗೆ ಪುದುಚೇರಿ, ಕಾರೈಕಲ್ ಬಂದರುಗಳಿಂದ, ಮುಂದೆ 1860-61ರಲ್ಲಿ ಬ್ರಿಟನ್ ಜೊತೆ ಮಾಡಿಕೊಂಡ ಒಪ್ಪಂದದ ಮೂಲಕ ಬ್ರಿಟಿಷ್ ಭಾರತದಿಂದಲೂ ಕರಾರು ಕೂಲಿಗಳನ್ನು ಸಾಗಿಸಿತು. 1810ರಲ್ಲಿ ಬ್ರಿಟಿಷರ ವಶವಾದ ಮಾರಿಷಸ್‌ಗೆ ಈ ಸಾಗಣೆ 1834ರಿಂದಲೇ ದೊಡ್ಡ ಪ್ರಮಾಣದಲ್ಲಿ ಮೊದಲಾಗಿತ್ತು. ಮೂರನೆಯದು ಕೃತಿಗಳ ಆಯ್ಕೆ: ಹಡಗಿನ ಪಯಣವನ್ನು ನೆನಪಿಸಿಕೊಳ್ಳುವ ಮೂರು ಅಥವಾ ನಾಲ್ಕು ಕೃತಿಗಳು, ಹೆಚ್ಚಲ್ಲ. ನಾಲ್ಕನೆಯದು ವಾದ: ಮಾರಿಷಸ್‌ನ ಕವಿ ಖಾಲ್ ತೊರಾಬುಲಿ 1990ರ ದಶಕದಲ್ಲಿ ಮುಂದಿಟ್ಟ, ಕರಾರು ಕೂಲಿಗಳ ಅನುಭವವನ್ನು ಕುರಿತ ಕೂಲಿತ್ಯೂದ್ ಎಂಬ ಪರಿಕಲ್ಪನೆ ಹಡಗುಯಾನವನ್ನೇ ಕೇಂದ್ರವಾಗಿಟ್ಟುಕೊಂಡಿದೆ, ನೀವು ಆರಿಸಿದ ಕೃತಿಗಳು, ಮುಖ್ಯವಾಗಿ ಮಹಿಳೆಯರು ಬರೆದವು, ಅದನ್ನು ಒಪ್ಪುತ್ತವೆಯೇ ಅಥವಾ ಬೇರೊಂದು ನೆನಪನ್ನು ಮುಂದಿಡುತ್ತವೆಯೇ? ಈಗ ಪ್ರಸ್ತಾವಕ್ಕೊಂದು ಪ್ರಶ್ನೆ ಇದೆ, ಅದಕ್ಕೆ ಇಲ್ಲ ಎಂಬ ಉತ್ತರವೂ ಸಾಧ್ಯವಿದೆ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಸಂಶೋಧನೆಗೆ ಯೋಗ್ಯವಲ್ಲ.

ಭಾರತದ ವಿದ್ಯಾರ್ಥಿಗೆ ಹತ್ತಿರವಿರುವ ಇನ್ನೊಂದು ಕ್ಷೇತ್ರ ಫ್ರೆಂಚ್ ಭಾರತ. ಪುದುಚೇರಿ, ಕಾರೈಕಲ್, ಮಾಹೆ, ಯಾನಾಂಗಳ ಆಡಳಿತ 1954ರ ನವೆಂಬರ್ 1ರಂದು ಭಾರತಕ್ಕೆ ಹಸ್ತಾಂತರವಾದರೂ ಕಾನೂನಿನ ಪ್ರಕಾರ ವಿಲೀನ ಪೂರ್ಣಗೊಂಡದ್ದು 1962ರ ಆಗಸ್ಟ್‌ನಲ್ಲಿ. ಮಾಹೆ ಮಂಗಳೂರಿನಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದೂರದಲ್ಲಿದೆ. ಸಾಗರದಾಚೆಯ ವಸಾಹತುಗಳ ದಾಖಲೆಗಳು ದಕ್ಷಿಣ ಫ್ರಾನ್ಸಿನ ಎಕ್ಸಾನ್‌ಪ್ರೊವಾನ್ಸ್ ನಗರದ ರಾಷ್ಟ್ರೀಯ ದಾಖಲಾಗಾರದಲ್ಲಿವೆ. 1955ರಲ್ಲಿ ಸ್ಥಾಪನೆಯಾದ ಪುದುಚೇರಿಯ ಫ್ರೆಂಚ್ ಸಂಸ್ಥೆಯ ಗ್ರಂಥಾಲಯ ಅದಕ್ಕಿಂತ ಬಹಳ ಹತ್ತಿರದಲ್ಲಿದೆ.

ಮೈಸೂರಿನ ಕಡೆಗೂ ನೋಡಬೇಕು. ಟಿಪ್ಪು ಸುಲ್ತಾನ್ ಕಳಿಸಿದ ರಾಯಭಾರಿಗಳನ್ನು ಹದಿನಾರನೆಯ ಲೂಯಿ 1788ರ ಆಗಸ್ಟ್‌ನಲ್ಲಿ ವರ್ಸಾಯ್‌ನಲ್ಲಿ ಬರಮಾಡಿಕೊಂಡ. ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚ್ ಸೈನಿಕರು 1797ರಲ್ಲಿ ಕ್ರಾಂತಿಕಾರಿ ಕೂಟವೊಂದನ್ನು ಕಟ್ಟಿದರೆಂದು ಹೇಳುವ ಕಾಗದಪತ್ರಗಳನ್ನು ಕೋಟೆ ಬಿದ್ದ ನಂತರ ಬ್ರಿಟಿಷರು ಪ್ರಕಟಿಸಿದರು. ಅವು ಎಷ್ಟು ನಂಬಲರ್ಹ ಎಂಬ ವಾದ ಇತಿಹಾಸಕಾರರಲ್ಲಿದೆ. ಮೈಸೂರು ಸೀಮೆಯಲ್ಲಿ ಬಹುಕಾಲವಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಹಿಂದೂಗಳ ಆಚಾರಗಳ ಬಗ್ಗೆ ಬರೆದ ಪ್ರಸಿದ್ಧ ಗ್ರಂಥ 1816ರಲ್ಲಿ ಮೊದಲು ಇಂಗ್ಲಿಷ್ ಅನುವಾದದಲ್ಲಿ ಹೊರಬಂತು. ಅದರ ಅನೇಕ ಭಾಗಗಳು ಅವರಿಗಿಂತ ಹಿಂದಿನ ಜೆಸುಯಿಟ್ ಪಾದ್ರಿ ಕೇರ್ದೂ ಅವರ ಬರಹವನ್ನು ಆಧರಿಸಿವೆ ಎಂದು 1987ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ದುಬ್ವಾ ಸೇರಿದ್ದ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯವರು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಮೈಸೂರು, ಬೆಂಗಳೂರುಗಳಲ್ಲಿ ಕೆಲಸ ಮಾಡಿದರು, ಆ ಸಂಸ್ಥೆಯ ದಾಖಲೆಗಳು ಪ್ಯಾರಿಸ್‌ನಲ್ಲಿವೆ. ಫ್ರೆಂಚ್ ಮತ್ತು ಕನ್ನಡ ಎರಡನ್ನೂ ಸರಾಗವಾಗಿ ಓದಬಲ್ಲ ಸಂಶೋಧಕರು ಬೆರಳೆಣಿಕೆಯಷ್ಟೇ ಇರುವುದರಿಂದ ಕನ್ನಡ ಇಲ್ಲಿ ನಿಜವಾದ ವಿದ್ವತ್ ಅರ್ಹತೆಯಾಗುತ್ತದೆ.

ವಿಷಯವನ್ನು ಗಟ್ಟಿಗೊಳಿಸುವ ಮುನ್ನ ಎರಡು ಕಡೆ ಹುಡುಕಿ. ಫ್ರಾನ್ಸಿನಲ್ಲಿ ಮಂಡನೆಯಾದ ಮತ್ತು ನಡೆಯುತ್ತಿರುವ ಪಿಎಚ್.ಡಿ.ಗಳ ವಿವರ ತೆಜ್.ಫ್ರ್ ಎಂಬ ಅಧಿಕೃತ ತಾಣದಲ್ಲಿದೆ. ಭಾರತದ ಪ್ರಬಂಧಗಳಿಗೆ ಶೋಧಗಂಗಾ ಇದೆ. ನಿಮ್ಮ ವಿಷಯವನ್ನು ಬೇರೊಬ್ಬರು ಹಿಡಿದಿದ್ದರೆ ಗಾಬರಿಯಾಗಬೇಕಿಲ್ಲ, ನಿಮ್ಮ ಪ್ರಶ್ನೆ ಅವರದಕ್ಕಿಂತ ಹೇಗೆ ಭಿನ್ನವೆಂದು ಎರಡು ವಾಕ್ಯಗಳಲ್ಲಿ ಬರೆಯಲು ಬಂದರೆ ಸಾಕು.

ಹಂತ 5: ಪಿಎಚ್.ಡಿ.

ಭಾರತದಲ್ಲಿ ಮಾಡುವವರು ಮೊದಲು ಯುಜಿಸಿ-ನೆಟ್ ಬರೆಯಬೇಕು. ಸಾಮಾನ್ಯವಾಗಿ ವರ್ಷಕ್ಕೆರಡು ಬಾರಿ ನಡೆಯುವ ಈ ಪರೀಕ್ಷೆಯ ಮೊದಲ ಪತ್ರಿಕೆಗೆ 100, ಫ್ರೆಂಚ್ ವಿಷಯದ ಎರಡನೆಯ ಪತ್ರಿಕೆಗೆ 200 ಅಂಕಗಳಿದ್ದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಫ್ರಾನ್ಸಿನ ಸಾಹಿತ್ಯ ಚರಿತ್ರೆಯನ್ನು ಕಡೆಗಣಿಸಿ ಆಫ್ರಿಕಾ, ಕೆರಿಬಿಯನ್‌ಗಳನ್ನಷ್ಟೇ ಓದಿದವರಿಗೆ ಇಲ್ಲಿ ತೊಂದರೆಯಾಗುತ್ತದೆ. ಕಿರಿಯ ಸಂಶೋಧನಾ ವೇತನಕ್ಕೆ ಅರ್ಹರಾದವರಿಗೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ, ಹಿರಿಯ ಹಂತದಲ್ಲಿ 42,000 ರೂಪಾಯಿ ಸಿಗುತ್ತದೆ. ಕೈಯಲ್ಲಿ ಸಂಶೋಧನಾ ವೇತನವಿದ್ದವರಿಗೆ ಮಾರ್ಗದರ್ಶಕರ ಆಯ್ಕೆಯಲ್ಲಿಯೂ ಸ್ವಾತಂತ್ರ್ಯ ಹೆಚ್ಚು. ಈಗಿನ ನಿಯಮಗಳ ಪ್ರಕಾರ ಪಿಎಚ್.ಡಿ.ಯ ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ.

ಫ್ರಾನ್ಸಿಗೆ ಹೋಗುವವರು ಮೂರು ಸಂಗತಿ ತಿಳಿದಿರಬೇಕು. ಮೊದಲನೆಯದಾಗಿ, ಅಲ್ಲಿ ಆಫ್ರಿಕಾ, ಕೆರಿಬಿಯನ್ ಸಾಹಿತ್ಯದ ಪ್ರಾಧ್ಯಾಪಕರು ಫ್ರೆಂಚ್ ಸಾಹಿತ್ಯ ವಿಭಾಗದಲ್ಲೂ ಇರಬಹುದು, ತೌಲನಿಕ ಸಾಹಿತ್ಯ ವಿಭಾಗದಲ್ಲೂ ಇರಬಹುದು. ಎರಡೂ ಕಡೆ ಹುಡುಕಿ. ಎರಡನೆಯದಾಗಿ, ವಸಾಹತೋತ್ತರ ಎಂಬ ಪದ ಅಲ್ಲಿ ರಾಜಕೀಯ ವಿವಾದದ ಪದ. ವಸಾಹತುಶಾಹಿಯ 'ಸಕಾರಾತ್ಮಕ ಪಾತ್ರ'ವನ್ನು ಶಾಲೆಗಳಲ್ಲಿ ಗುರುತಿಸಬೇಕೆಂದು 2005ರ ಫೆಬ್ರವರಿಯ ಕಾನೂನೊಂದು ಹೇಳಿತ್ತು. ಪ್ರತಿಭಟನೆಯ ನಂತರ ಆ ಭಾಗವನ್ನು 2006ರಲ್ಲಿ ತೆಗೆದುಹಾಕಲಾಯಿತು. 2021ರಲ್ಲಿ ಉನ್ನತ ಶಿಕ್ಷಣ ಸಚಿವೆಯೇ ವಿಶ್ವವಿದ್ಯಾಲಯಗಳಲ್ಲಿನ ಇಂಥ ಸಂಶೋಧನೆಗಳ ಬಗ್ಗೆ ತನಿಖೆಯ ಮಾತೆತ್ತಿ, ವಿದ್ವಾಂಸರ ತೀವ್ರ ವಿರೋಧ ಎದುರಿಸಿದರು. ನಿಮ್ಮ ಪ್ರಸ್ತಾವದಲ್ಲಿ ಪರಿಭಾಷೆ ಕಡಿಮೆಯಾಗಿ ಕೃತಿ ಮತ್ತು ದಾಖಲೆಗಳ ವಿಶ್ಲೇಷಣೆ ಹೆಚ್ಚಾಗಿದ್ದರೆ ಎಲ್ಲ ಬಗೆಯ ಪರೀಕ್ಷಕರನ್ನೂ ಎದುರಿಸಬಹುದು. ಮೂರನೆಯದು ಹಣ. ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ 2019ರಿಂದ ವಿಧಿಸಿರುವ ಹೆಚ್ಚಿನ ಶುಲ್ಕ ಪಿಎಚ್.ಡಿ.ಗೆ ಅನ್ವಯಿಸುವುದಿಲ್ಲ, ಆದರೆ ಜೀವನ ವೆಚ್ಚಕ್ಕೆ ದಾರಿ ಬೇಕು. ಸಂಶೋಧನೆಗೆ ಸಂಬಳ ಕೊಡುವ ಮೂರು ವರ್ಷದ ಡಾಕ್ಟರಲ್ ಕರಾರು ಅತ್ಯುತ್ತಮ, ಅದಕ್ಕೆ ಪೈಪೋಟಿಯೂ ಅಷ್ಟೇ. ಎಂ.ಎ. ಹಂತಕ್ಕೆ ಷಾರ್ಪಾಕ್, ಎಂ.ಎ. ಮತ್ತು ಪಿಎಚ್.ಡಿ. ಎರಡಕ್ಕೂ ಐಫೆಲ್ ವಿದ್ಯಾರ್ಥಿವೇತನಗಳಿವೆ. ಐಫೆಲ್‌ಗೆ ವಿದ್ಯಾರ್ಥಿ ನೇರವಾಗಿ ಅರ್ಜಿ ಹಾಕುವಂತಿಲ್ಲ, ಫ್ರಾನ್ಸಿನ ಸಂಸ್ಥೆಯೇ ಹೆಸರು ಸೂಚಿಸಬೇಕು; ಹಾಗಾಗಿ ಪತ್ರವ್ಯವಹಾರವನ್ನು ಬಹಳ ಮೊದಲೇ ಪ್ರಾರಂಭಿಸಿ. ಎರಡು ದೇಶಗಳ ವಿಶ್ವವಿದ್ಯಾಲಯಗಳ ಒಪ್ಪಂದದಡಿ ಒಂದೇ ಪ್ರಬಂಧಕ್ಕೆ ಎರಡೂ ಕಡೆಯ ಪದವಿ ದೊರೆಯುವ ಕೊತ್ಯುತೆಲ್ ಎಂಬ ವ್ಯವಸ್ಥೆಯೂ ಇದೆ. ಭಾರತದಲ್ಲಿಯೇ ವೃತ್ತಿ ಬಯಸುವವರಿಗೆ ನಾನು ಮೊದಲು ಸೂಚಿಸುವುದು ಅದನ್ನೇ.

ಮಾರ್ಗದರ್ಶಕರಿಗೆ ಬರೆಯುವ ಮೊದಲ ಪತ್ರ ಫ್ರೆಂಚಿನಲ್ಲಿ, ಒಂದು ಪುಟದೊಳಗೆ ಇರಲಿ. ಅವರ ಯಾವ ಲೇಖನವನ್ನು ಓದಿದಿರಿ, ಅದರ ಯಾವ ವಾದಕ್ಕೆ ನಿಮ್ಮ ಪ್ರಶ್ನೆ ತಾಗುತ್ತದೆ, ಹಣದ ಯೋಜನೆಯೇನು ಎಂಬ ಮೂರನ್ನು ಸ್ಪಷ್ಟವಾಗಿ ತಿಳಿಸಿ, ನಾಲ್ಕೈದು ಪುಟಗಳ ಪ್ರಸ್ತಾವವನ್ನು ಲಗತ್ತಿಸಿ. ಹೊಗಳಿಕೆಯ ಸಾಲುಗಳು ಬೇಡ. ಒಂದೇ ಪತ್ರವನ್ನು ಹೆಸರು ಬದಲಿಸಿ ಹಲವರಿಗೆ ಕಳಿಸಿದರೆ ಓದಿದವರಿಗೆ ಗೊತ್ತಾಗಿಯೇ ಆಗುತ್ತದೆ.

ಅಮೆರಿಕದಲ್ಲಿ ವಿಭಾಗಗಳ ಹೆಸರೇ ಫ್ರೆಂಚ್ ಮತ್ತು ಫ್ರಾಂಕೊಫೋನ್ ಅಧ್ಯಯನ ಎಂದಿರುವುದು ಸಾಮಾನ್ಯ. ಒಳ್ಳೆಯ ಪಿಎಚ್.ಡಿ. ಕಾರ್ಯಕ್ರಮಗಳು ಸಾಮಾನ್ಯವಾಗಿ ಐದು ವರ್ಷ ಶುಲ್ಕ ಮನ್ನಾ ಮತ್ತು ವೇತನ ಕೊಟ್ಟು, ಬದಲಿಗೆ ಪ್ರಾರಂಭಿಕ ಹಂತದ ಫ್ರೆಂಚ್ ತರಗತಿಗಳನ್ನು ಕಲಿಸಲು ಹೇಳುತ್ತವೆ. ಬೋಧನೆಯ ಈ ತರಬೇತಿ ಬೆಲೆಬಾಳುವಂಥದು. ಆದರೆ ಪದವಿಯ ನಂತರ ಅಲ್ಲಿಯೇ ಕಾಯಂ ಹುದ್ದೆ ಸಿಗುತ್ತದೆಂಬ ಲೆಕ್ಕದಲ್ಲಿ ಹೋಗಬೇಡಿ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 2023ರಲ್ಲಿ ವಿದೇಶಿ ಭಾಷೆಗಳ ಪದವಿಗಳನ್ನು ಕೈಬಿಡಲು ನಿರ್ಧರಿಸಿದ್ದು ಆ ದೇಶದ ಭಾಷಾ ವಿಭಾಗಗಳ ಸ್ಥಿತಿಯನ್ನು ತೋರಿಸುತ್ತದೆ. ಭಾರತದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿದವರು ಫುಲ್‌ಬ್ರೈಟ್-ನೆಹರೂ ವೇತನದ ಮೂಲಕ ಕೆಲವು ತಿಂಗಳು ಅಲ್ಲಿನ ಗ್ರಂಥಾಲಯಗಳಲ್ಲಿ ಕೆಲಸ ಮಾಡಿ ಬರಬಹುದು.

ಹಂತ 6: ಪ್ರಕಟಣೆ

ವಿಚಾರ ಸಂಕಿರಣ ಮತ್ತು ವಿಶೇಷ ಸಂಚಿಕೆಗಳ ಆಹ್ವಾನಗಳು ಫಾಬುಲಾ ಎಂಬ ಫ್ರೆಂಚ್ ತಾಣದಲ್ಲಿ ನಿತ್ಯ ಪ್ರಕಟವಾಗುತ್ತವೆ. ಬ್ರಿಟನ್ನಿನಲ್ಲಿ ಈ ಕ್ಷೇತ್ರಕ್ಕೆಂದೇ ಫ್ರಾಂಕೊಫೋನ್ ವಸಾಹತೋತ್ತರ ಅಧ್ಯಯನ ಸಂಘವಿದೆ. ಅಂತರರಾಷ್ಟ್ರೀಯ ಫ್ರಾಂಕೊಫೋನ್ ಅಧ್ಯಯನ ಪರಿಷತ್ತು ತನ್ನದೇ ನಿಯತಕಾಲಿಕವನ್ನು ಹೊರತರುತ್ತದೆ. ಫ್ರೆಂಚ್ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಯಲು ಕಲಿಯಿರಿ. ಹಣ ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳಿಂದ ದೂರವಿರಿ. ಯುಜಿಸಿ ತನ್ನ ಮಾನ್ಯ ಪತ್ರಿಕೆಗಳ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲೆ ಪತ್ರಿಕೆಯ ಗುಣಮಟ್ಟವನ್ನು ಅಳೆಯುವ ಹೊಣೆ ಸಂಶೋಧಕರ ಮೇಲೆ ಇನ್ನಷ್ಟು ಬಿದ್ದಿದೆ.

ಕನ್ನಡಕ್ಕೆ ಅನುವಾದಿಸುವುದನ್ನು ಬಿಡುವಿನ ಕೆಲಸವೆಂದು ತಿಳಿಯಬೇಡಿ. ಫ್ರೆಂಚ್ ಪುಸ್ತಕಗಳನ್ನು ಭಾರತೀಯ ಭಾಷೆಗಳಿಗೆ ತರುವ ಪ್ರಕಾಶಕರಿಗೆ ಫ್ರಾನ್ಸ್ ಸರ್ಕಾರದ ಟ್ಯಾಗೋರ್ ಪ್ರಕಟಣಾ ನೆರವಿನ ಯೋಜನೆಯಿದೆ. ಆಫ್ರಿಕಾ ಮತ್ತು ಕೆರಿಬಿಯನ್‌ನ ಬರಹ ಇಂಗ್ಲಿಷಿನ ಮೂಲಕ ಹಾಯದೆ ನೇರವಾಗಿ ಕನ್ನಡಕ್ಕೆ ಬರುವುದು ನಮ್ಮ ಸಾಹಿತ್ಯಕ್ಕೆ ಅಗತ್ಯ, ಮತ್ತು ಅದನ್ನು ಮಾಡಬಲ್ಲವರು ಈ ದಾರಿಯಲ್ಲಿ ಬಂದವರೇ.

ಹಂತ 7: ಹುದ್ದೆಗೆ ಸಿದ್ಧತೆ

ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಹಾಗೂ ಸಾಮಾನ್ಯವಾಗಿ ನೆಟ್ ಅರ್ಹತೆ ಬೇಕು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಏಳನೆಯ ವೇತನ ಆಯೋಗದಂತೆ ಆರಂಭದ ಮೂಲವೇತನ 57,700 ರೂಪಾಯಿ. ಕಾಯಂ ಹುದ್ದೆಗಳು ಕಡಿಮೆ, ಅವು ಬರುವ ಕಾಲವೂ ಅನಿಶ್ಚಿತ. ಅಲ್ಲಿಯವರೆಗೆ ಅತಿಥಿ ಉಪನ್ಯಾಸಕರಾಗಿ, ಖಾಸಗಿ ಕಾಲೇಜುಗಳಲ್ಲಿ, ಭಾಷಾ ಸಂಸ್ಥೆಗಳಲ್ಲಿ ಕೆಲಸ ಮಾಡಬೇಕಾಗುತ್ತದೆ. ಈ ವರ್ಷಗಳು ದೀರ್ಘವಾಗಬಹುದು, ಮನೆಯ ಜವಾಬ್ದಾರಿ ಇರುವವರು ಅದನ್ನು ಮೊದಲೇ ಮನೆಯವರೊಡನೆ ಕುಳಿತು ಮಾತಾಡಿಕೊಳ್ಳಬೇಕು. ಫ್ರಾನ್ಸಿನಲ್ಲಿ ಅಧ್ಯಾಪಕರಾಗಲು ವಿದೇಶಿಯರಿಗೂ ಅವಕಾಶವಿದೆ, ಆದರೆ ಹುದ್ದೆಗಳಿಗೆ ಅರ್ಜಿ ಹಾಕುವ ಮೊದಲು ರಾಷ್ಟ್ರೀಯ ವಿಶ್ವವಿದ್ಯಾಲಯ ಮಂಡಳಿಯ ಅರ್ಹತಾ ಪಟ್ಟಿಯಲ್ಲಿ ಸೇರಬೇಕು. ಸಾಹಿತ್ಯದವರಿಗೆ ಅದರ 9ನೆಯ ಅಥವಾ 10ನೆಯ ವಿಭಾಗ ಸಂಬಂಧಿಸಿದ್ದು.

ಸಂದರ್ಶನದಲ್ಲಿ ಮಾದರಿ ತರಗತಿ ತೆಗೆದುಕೊಳ್ಳಲು ಹೇಳುವುದು ಹೆಚ್ಚುತ್ತಿದೆ. ವ್ಯಾಕರಣದ ಪಾಠವನ್ನೂ ಸಾಹಿತ್ಯವನ್ನೂ ಬೇರೆಬೇರೆಯಾಗಿ ಸಿದ್ಧಪಡಿಸುವ ಬದಲು ಒಂದೇ ಪುಟದಿಂದ ಎರಡನ್ನೂ ಮಾಡಿ ತೋರಿಸಿ. ಮರಿಯಾಮ ಬಾ ಅವರ 1979ರ ಕಾದಂಬರಿ ಗಂಡನನ್ನು ಕಳೆದುಕೊಂಡ ಮಹಿಳೆಯೊಬ್ಬಳು ಗೆಳತಿಗೆ ಬರೆಯುವ ದೀರ್ಘ ಪತ್ರದ ರೂಪದಲ್ಲಿದೆ. ಅದರ ಫ್ರೆಂಚ್ ತಿಳಿಯಾದದ್ದು, ಬಿ1 ಮುಗಿಸಿದ ತರಗತಿಗೂ ಆಯ್ದ ಭಾಗಗಳನ್ನು ಕೊಡಬಹುದು. ಒಂದು ಪುಟ ಆರಿಸಿ, ಭೂತಕಾಲದ ಎರಡು ರೂಪಗಳು ಎಲ್ಲೆಲ್ಲಿ ಬದಲಾಗುತ್ತವೆಂದು ವಿದ್ಯಾರ್ಥಿಗಳಿಂದಲೇ ಗುರುತು ಮಾಡಿಸಿ; ಬಳಿಕ ನಿರೂಪಕಿ ದಿನನಿತ್ಯದ ಬದುಕಿಗೆ ಯಾವ ರೂಪ, ಗಂಡ ಎರಡನೆಯ ಮದುವೆಯಾದ ಸುದ್ದಿಗೆ ಯಾವ ರೂಪ ಬಳಸುತ್ತಾಳೆಂದು ಕೇಳಿ; ಕೊನೆಯಲ್ಲಿ ಸೆನೆಗಲ್‌ನ ಮುಸ್ಲಿಂ ಕುಟುಂಬ ಪದ್ಧತಿ ಮತ್ತು ವಸಾಹತು ಕಾಲದ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳ ಬಗ್ಗೆ ಐದು ನಿಮಿಷ ಮಾತಾಡಿ. ಮುಂದಿನ ವಾರದ ಮನೆಗೆಲಸವಾಗಿ, ಅದೇ ಘಟನೆಯನ್ನು ಆ ಗೆಳತಿ ಉತ್ತರವಾಗಿ ಬರೆಯುವ ಪತ್ರದಲ್ಲಿ ಹೇಗೆ ನಿರೂಪಿಸಬಹುದೆಂದು ಹತ್ತು ಸಾಲು ಬರೆಯಲು ಹೇಳಿ.